ಮರಿಗೊಂದು ಕಾವಲು

ಬೇರೆಯವರ ಮನೆಗೆ ನೆಂಟರು ಬರುತ್ತಾರೆ, ಕೊರಿಯರ್ ಬರುತ್ತದೆ. ನಮ್ಮ ಮನೆಗೆ ಬರುವುದು ಬರೀ ಪೀಕಲಾಟ. ಒಂದು ಮುಗಿಯಿತು ಅಂತ ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಚಾಮರಾಜನಗರದಲ್ಲಿ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸು ಹೊಲಿಯುವವಳು ನಾನು. ಬೆಕ್ಕು ಸಾಕುವ ಆಸೆ ಯಾವ ಕಾಲಕ್ಕೂ ಇರಲಿಲ್ಲ. ಗುಂಡ್ಲುಪೇಟೆಯ ತವರಿಗೆ ಹೋದಾಗ ತಂಗಿ, "ಇಲಿಗಾಯ್ತದೆ ತಗೊಂಡೋಗಕ್ಕ" ಅಂತ ಒಂದು ಬೂದುಬಣ್ಣದ ಗಂಡುಮರಿಯನ್ನು ಬ್ಯಾಗಿಗೆ ತುಂಬಿ ಬಸ್ಸು ಹತ್ತಿಸಿಬಿಟ್ಟಳು.

ಮರಿ ಒಳಗೇ ಇದ್ದಿದ್ದರೆ ಯಾವ ರಗಳೆಯೂ ಇರಲಿಲ್ಲ. ಅತ್ತೆ ಒಪ್ಪಬೇಕಲ್ಲ? "ಕಟ್ಟಾಕಕ್ಕೆ ಅದೇನ್ ಅಸುವಾ? ಆಚೆ ಓಡಾಡ್ಕಂಡಿರ್ಲಿ ಬುಡಮ್ಮಿ" ಅಂದರು. ಆಚೆ, ನಮ್ಮ ಬೀದಿಯ ಗಡವಬೆಕ್ಕು ಕಾದು ಕೂತಿತ್ತು. ಗಂಡುಬೆಕ್ಕುಗಳಿಗೆಲ್ಲ ಯಜಮಾನ ಅದು. ಕುಂಬಳಕಾಯಿಯಂಥ ತಲೆ, ಅರ್ಧ ಹರಿದ ಕಿವಿ, ಬೀದಿ ಪೂರ್ತಿ ತನ್ನ ಹೆಸರಿಗೆ ಖಾತೆಯಾಗಿದೆ ಅನ್ನುವಂಥ ನಡಿಗೆ. ಬಂದ ವಾರದಲ್ಲೇ ಮರಿಯ ಬೆನ್ನು ಪರಚಿತು. ಆಮೇಲೆ ಮೂಗು. ಆಮೇಲೆ ಬಾಲದ ಬುಡವನ್ನು ಹೇಗೆ ಕಚ್ಚಿತ್ತು ಅಂದರೆ ಮರಿ ಎರಡು ದಿನ ನೀರೂ ಕುಡಿಯಲಿಲ್ಲ. ಇನ್ನೊಂದು ಸಲ ಸಿಕ್ಕರೆ ಇದು ಉಳಿಯುವುದಿಲ್ಲ ಅಂತ ನನಗೆ ಗೊತ್ತಾಗಿಹೋಯಿತು. ಸಾಕುವ ಆಸೆ ಇರಲಿಲ್ಲ, ನಿಜ. ಆದರೆ ಹೊಲಿಯುವಾಗ ಬಂದು ಮಡಿಲಲ್ಲಿ ಮಲಗುವುದನ್ನು ಕಲಿತುಬಿಟ್ಟಿತ್ತಲ್ಲ, ಹೊಟ್ಟೆ ಉರಿಯದೆ ಇರುತ್ತದಾ?

ಚೊಂಬಿನ ನೀರು

ಮೊದಲ ಉಪಾಯ ನನ್ನದೇ. ಮಿಷನ್ ಪಕ್ಕದ ಕಿಟಕಿಯಲ್ಲಿ ಒಂದು ಚೊಂಬು ನೀರು ಇಟ್ಟುಕೊಂಡೆ. ಗಡವ ಗೇಟಿನ ಹತ್ತಿರ ಕಂಡ ಕೂಡಲೇ ಎರಚುವುದು. ಬೆಕ್ಕಿಗೆ ನೀರು ಅಂದರೆ ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ.

ಒಂದು ಬೆಳಗ್ಗೆ ಗೇಟು ಕಿರ್ ಅಂತು. ಗಡವನ ಬಾಲವೂ ಕಂಡಿತು. ತಲೆ ಎತ್ತದೆ ಎರಚಿದೆ. ಗಡವ ಅಷ್ಟರಲ್ಲಿ ಕಾಂಪೌಂಡಿನ ಮೇಲಿತ್ತು. ನೆತ್ತಿಯಿಂದ ನೀರು ಸುರಿಸಿಕೊಂಡು ನಿಂತಿದ್ದವರು ಹಿಂದಿನ ಬೀದಿಯ ಹೆಂಗಸು. ಮಗಳ ನಿಶ್ಚಿತಾರ್ಥದ ಬ್ಲೌಸು ಕೇಳಲು ಬಂದವರು.

"ಅಯ್ಯೋ ಶಿವನೇ! ಬ್ಲೌಸ್ ಆಗಿಲ್ಲ ಅಂದ್ರೆ ಬಾಯ್ಬುಟ್ಟು ಏಳಮ್ಮ, ಇಂಗಾ ಮಾಡೋದು?"

ಟವೆಲ್ ಕೊಟ್ಟೆ, ಕಾಫಿ ಕೊಟ್ಟೆ, ಅವತ್ತೇ ಬ್ಲೌಸೂ ಮುಗಿಸಿ ಕೊಟ್ಟೆ. ಗಡವ ಏನೂ ಹೆದರಲಿಲ್ಲ. ಹೆದರಿದ್ದು ಗಿರಾಕಿಗಳು. ಈಗ ಎಲ್ಲರೂ ರಸ್ತೆಯಾಚೆಯೇ ನಿಂತು, "ಆಯ್ತೇನಕ್ಕಾ?" ಅಂತ ಕೂಗಿ ಕೇಳುತ್ತಾರೆ.

ಮೆಣಸಿನಕಾಯಿ ಘಾಟು

ಅತ್ತೆಯ ಲೆಕ್ಕ ಬೇರೆ. "ಬೂದಿ ಬಣ್ಣಕ್ಕೆ ಮುದ್ಮುದ್ದಾಗದೆ, ಅದ್ಕೇಯ ಬೀದಿಯವ್ರ ಕಣ್ಣು ಬಿದ್ದದೆ ಕಣಮ್ಮಿ. ದೃಷ್ಟಿ ತೆಗುದ್ರೆ ಎಲ್ಲಾ ಸರೋಯ್ತದೆ." ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಎಲ್ಲ ಮುಷ್ಟಿಯಲ್ಲಿ ಹಿಡಿದರು. ಮರಿಯನ್ನು ನಾನು ಅಮುಕಿ ಹಿಡಿದುಕೊಂಡೆ. ಇಳಿ ತೆಗೆದು ಮುಷ್ಟಿಯಲ್ಲಿದ್ದಿದ್ದನ್ನೆಲ್ಲ ಕೆಂಡಕ್ಕೆ ಹಾಕಿದರು.

ನಮ್ಮ ಕಡೆ ಒಂದು ನಂಬಿಕೆ ಇದೆ. ದೃಷ್ಟಿ ತಾಗಿದ್ದರೆ ಎಷ್ಟು ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ. ಅವತ್ತು ಬಂದ ಘಾಟು ಇದೆಯಲ್ಲ, ಯಪ್ಪಾ! ನಾನು ಕೆಮ್ಮಿ ಕೆಮ್ಮಿ ಹಿತ್ತಲಿಗೆ ಓಡಿದೆ. ನಮ್ಮೆಜಮಾನರು ಬಚ್ಚಲಿಂದ ಸೋಪಿನ ಮುಖದಲ್ಲೇ ಹೊರಗೆ ಬಂದರು. ಮರಿ ನನ್ನ ಕೈ ಗೀರಿಕೊಂಡು ಹಾರಿ ನೇರ ಹೆಂಚಿನ ಮೇಲೆ ಹೋಯಿತು. ಅಲ್ಲಿ ಗಡವ ಬಿಸಿಲು ಕಾಯಿಸುತ್ತಾ ಮಲಗಿತ್ತು. ಇನ್ನೊಂದು ಒದೆ ಬಿತ್ತು.

ಅತ್ತೆ ಮಾತ್ರ ಕೂತಲ್ಲೇ ಕೂತಿದ್ದರು. ಕಣ್ಣಲ್ಲಿ ಮೂಗಲ್ಲಿ ನೀರು ಧಾರೆಧಾರೆ. ಸೆರಗಿನಿಂದ ಒರೆಸಿಕೊಂಡು ನಿಧಾನವಾಗಿ ಹೇಳಿದರು: "ಘಾಟು ಚೆನ್ನಾಗೇ ಬಂತು. ದೃಷ್ಟಿಗಿಷ್ಟಿ ಏನೂ ಆಗಿಲ್ಲ ಕಣಮ್ಮಿ. ಸುಮ್ಕೆ ಒದೆ ತಿಂತಾ ಅದೆ, ಅಷ್ಟೇಯ."

ಗಂಡಸರ ಸಭೆ

ಗಾಯಕ್ಕೆ ಔಷಧಿ ಹಾಕಿಸಲು ದನದ ಆಸ್ಪತ್ರೆಗೆ ಹೋದೆ. ಹಸು, ಎಮ್ಮೆ, ಕುರಿಗಳ ಸಾಲಿನಲ್ಲಿ ತರಕಾರಿ ಬುಟ್ಟಿಯಲ್ಲಿ ಮರಿಯನ್ನು ಹಿಡಿದು ನಿಂತವಳು ನಾನೊಬ್ಬಳೇ. ಡಾಕ್ಟರು ಗಡವನ ಕಥೆ ಕೇಳಿಕೊಂಡು, ಮರಿಗೆ ಔಷಧಿ ಹಚ್ಚಿ, "ಸಂಜೆ ಮೇಲೆ ಆಚೆ ಬಿಡಬೇಡಿ. ಇನ್ನೊಂಚೂರು ಬೆಳೆದ ಮೇಲೆ ಇದಕ್ಕೂ ಆಪರೇಷನ್ ಮಾಡೋಣ. ಆ ದೊಡ್ಡದನ್ನ ಈಗಲೇ ಹಿಡಿದು ತನ್ನಿ. ಆಪರೇಷನ್ ಆದ್ರೆ ಜಗಳ ಕಮ್ಮಿಯಾಗುತ್ತೆ" ಅಂದರು.

ಬೇರೆಯವರ ಬೆಕ್ಕನ್ನು ಕೇಳದೆ ಹಿಡಿಯುವುದು ಹೇಗೆ? ಮನೆಮನೆಗೆ ಹೋಗಿ ಗಡವ ಯಾರದು ಅಂತ ವಿಚಾರಿಸಿದೆ. ಎಲ್ಲರದೂ ಒಂದೇ ಉತ್ತರ, ನಮ್ಮದಲ್ಲ. ನಮ್ಮ ಹಾಲು ಕುಡಿಯಿತು, ನಮ್ಮ ಮೊಸರು ಚೆಲ್ಲಿತು ಅಂತ ಅವರೇ ನನ್ನ ಹತ್ತಿರ ದೂರು ಹೇಳಿದರು. ಸದ್ಯ ಅಂದುಕೊಂಡು ಆಪರೇಷನ್ ವಿಷಯ ತೆಗೆದೆ.

ತೆಗೆದಿದ್ದೇ ತಪ್ಪಾಯಿತು. ಸಂಜೆಗೆಲ್ಲ ಬೀದಿಯ ಗಂಡಸರು ನಮ್ಮ ಜಗಲಿಯಲ್ಲಿ ಸೇರಿದರು. ಎದುರುಮನೆಯ ರಿಟೈರ್ಡ್ ಮೇಷ್ಟ್ರು, "ಎಲ್ಲಾದ್ರೂ ಉಂಟೇನಮ್ಮ? ಗಂಡುಜೀವ, ಪಾಪ! ನಾಕ್ ಏಟು ಒಡೀರಿ, ಬೇಕಾದ್ರೆ ಅನ್ನ ಆಕ್ಬೇಡಿ, ಆ ಕೆಲ್ಸ ಮಾತ್ರ ಬ್ಯಾಡಿ" ಅಂತ ಕೈ ಮುಗಿದರು. ಮಿಕ್ಕವರು ಹೌದೌದು ಅಂದರು. ಚರಂಡಿ ಕಟ್ಟಿಕೊಂಡು ತಿಂಗಳಾದರೂ ಒಂದಾಗದ ಬೀದಿ ಅವತ್ತು ಒಂದಾಯಿತು.

ಇವರಾದರೂ ನನ್ನ ಪರ ಮಾತಾಡುತ್ತಾರೆ ಅಂತ ತಿರುಗಿ ನೋಡಿದೆ. ನಮ್ಮೆಜಮಾನರು ಎಲ್ಲರಿಗಿಂತ ಜೋರಾಗಿ ತಲೆ ಆಡಿಸುತ್ತಿದ್ದರು.

ಹೆಲ್ಮೆಟ್ಟು

ಆದರೂ ನನ್ನ ಮುಖ ನೋಡಿ ಅವರಿಗೇ ಏನನ್ನಿಸಿತೋ. "ಇಡ್ದು ಎಲ್ಲಾರಾ ದೂರ ಬುಟ್ಬುಟ್ಟು ಬತ್ತೀನಿ, ಅವ್ವುನ್ಗೆ ಏಳ್ಬೇಡ" ಅಂದರು. ಹಿಡಿಯುವುದಕ್ಕೆ ಒಣಮೀನು ಬೇಕು. ನಮ್ಮದು ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಪೊಲೀಸರು ನಿಲ್ಲಿಸಿದರೂ ಹೆಲ್ಮೆಟ್ ಹಾಕದ ಮನುಷ್ಯ, ಅವತ್ತು ಹೆಲ್ಮೆಟ್ ಹಾಕಿಕೊಂಡು, ಗಾಜು ಇಳಿಸಿಕೊಂಡು, ಅಂಗಡಿಯೊಳಗೂ ಅದನ್ನು ತೆಗೆಯದೆ ಒಣಮೀನು ತಂದರು. ಅತ್ತೆ ಮೂಗು ಅರಳಿಸಿ, "ಎಂತದ್ಲಾ ಅದು ನಾತ?" ಅಂದರು. "ಮಿಷನ್ಗೆ ಆಕೋ ಎಣ್ಣೆ ಕಣವ್ವ" ಅಂದರು ಇವರು.

ಗೋಣಿಚೀಲದಲ್ಲಿ ಮೀನು ಇಟ್ಟೆವು, ಗಡವ ನುಗ್ಗಿತು, ಬಾಯಿ ಕಟ್ಟಿದೆವು. ಇವರು ಬೈಕಿನಲ್ಲಿ ಕುದೇರಿನ ಕಡೆ ಹೊರಟರು. ಚೀಲವನ್ನು ಗಿರಗಿರ ತಿರುಗಿಸಿ ಬಿಟ್ಟರೆ ಬೆಕ್ಕಿಗೆ ದಿಕ್ಕು ತಪ್ಪುತ್ತದೆ, ವಾಪಸು ಬರುವುದಿಲ್ಲ ಅಂತ ಹಿರಿಯರಿಂದ ಕೇಳಿದ್ದರು. ಹೊಲದ ಬದುವಿನಲ್ಲಿ ನಿಂತು ಚೀಲದ ಜೊತೆ ತಾವೂ ತಿರುಗಿದ್ದಾರೆ. ಚೀಲ ಬಿಚ್ಚಿದ ಮೇಲೆ ಬೆಕ್ಕು ನೆಟ್ಟಗೆ ನಡೆದುಕೊಂಡು ಊರೊಳಗೆ ಹೋಯಿತಂತೆ. ತಲೆ ಸುತ್ತಿ ಬದುವಿನ ಮೇಲೆ ಕೂತವರು ಇವರು. ಎದ್ದು ಬೈಕ್ ಹತ್ತಿದವರು ಎಷ್ಟೋ ದೂರ ಬೇರೆ ದಾರಿಯಲ್ಲೇ ಹೋಗಿ, ಸಿಕ್ಕಿದವರನ್ನು ಕೇಳಿಕೊಂಡು ಮನೆ ಸೇರಿದರು.

ಕಾವಲು

ಆಮೇಲೆ ಒಂದಷ್ಟು ದಿನ ಎಂಥಾ ನೆಮ್ಮದಿ! ಮರಿ ಕಾಂಪೌಂಡಿನ ಮೇಲೆ ಕಾಲು ಚಾಚಿ ಮಲಗುತ್ತಿತ್ತು. ಗಾಯ ಒಣಗಿತು, ಮೈ ತುಂಬಿಕೊಂಡಿತು. ನಾನು ಕಿಟಕಿ ನೋಡದೆ ಹೊಲಿಯುವುದನ್ನು ಮತ್ತೆ ಕಲಿತೆ.

ಒಂದು ಭಾನುವಾರ ಅತ್ತೆಯ ತಮ್ಮ, ಅಂದರೆ ಇವರ ಸೋದರಮಾವ, ಮೊಪೆಡ್ಡಿನಲ್ಲಿ ಬಂದರು. ಅವರ ಊರು ಕುದೇರು. ಮುಂದುಗಡೆ ಒಂದು ಗೋಣಿಚೀಲ. ಬಾಳೆಗೊನೆ ಇರಬೇಕು ಅಂದುಕೊಂಡೆ. ಬಾಳೆಗೊನೆ ಅಲ್ಲಾಡಿತು.

"ಅಕ್ಕ ದಿನಾ ಫೋನಲ್ಲಿ ಅದ್ನೇಯ ಏಳ್ಕಂಡು ಅಳ್ತಿತ್ತು. ನಿಮ್ ಮರಿನ ಬೀದಿ ಬೆಕ್ಕು ಕಚ್ತವೆ, ಕಚ್ತವೆ ಅಂತ" ಅಂದರು ಮಾವ, ಪಡಸಾಲೆಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಾ. "ನಮ್ಮೂರ್ಗೆ ಎಲ್ಲಿಂದ್ಲೋ ಒಂದು ಬಂದ್ಬುಡ್ತು ಕಣಮ್ಮ. ಏನ್ ಧೈರ್ಯ ಅಂತೀಯೆ! ಇದ್ದಬದ್ದ ಬೆಕ್ನೆಲ್ಲಾ ಮೂಲೆ ಸೇರ್ಸ್ಬುಡ್ತು. ಇಂತದೊಂದು ಜೊತೇಲಿದ್ರೆ ನಿಮ್ ಮರಿ ತಂಟೆಗೆ ಯಾವ್ದ್ಲಾ ಬಂದದು ಅಂತ, ಇಡ್ಕಂಡ್ ಬಂದೆ."

ಚೀಲ ಬಿಚ್ಚಿದರು. ಕುಂಬಳಕಾಯಿ ತಲೆ ಹೊರಗೆ ಬಂತು. ಆಮೇಲೆ ಹರಿದ ಕಿವಿ.

ನಾನು ಇವರನ್ನು ನೋಡಿದೆ. ಇವರು ಫ್ಯಾನು ನೋಡಿದರು. ಬಾಯಿ ಬಿಟ್ಟರೆ ಒಣಮೀನಿನ ವಿಷಯ ಅತ್ತೆಗೆ ಗೊತ್ತಾಗಬೇಕು, ಅಳಿಯನೇ ತಮ್ಮ ಊರಿಗೆ ತಂದು ಬಿಟ್ಟಿದ್ದು ಅಂತ ಮಾವನಿಗೆ ಗೊತ್ತಾಗಬೇಕು. ಸಂಬಂಧವೇ ಹರಿದುಹೋಗುತ್ತದೆ. ಅತ್ತೆಗಂತೂ ಕಣ್ಣಿನ ಪೊರೆ ಬಂದು ವರ್ಷವಾಯಿತು. "ಬಾರಪ್ಪ, ಬಾ ನನ್ ಮಗನೆ" ಅಂತ ಗಡವನ ಬೆನ್ನು ಸವರಿ, ಒಂದು ತಟ್ಟೆ ಹಾಲನ್ನ ಇಟ್ಟೇಬಿಟ್ಟರು. ಮರಿ ಅಷ್ಟರಲ್ಲಿ ಪರದೆ ಹತ್ತಿ ಮೇಲಿನ ಸರಳಿಗೆ ನೇತಾಡುತ್ತಿತ್ತು.

ಗಡವ ಹಾಲನ್ನ ಮುಗಿಸಿತು. ಒಳಕ್ಕೆ ನಡೆಯಿತು. ನನ್ನ ಮಿಷನ್ ಪಕ್ಕದ ಕುರ್ಚಿ ಹತ್ತಿ, ಹೊಲಿದು ಮಡಚಿಟ್ಟಿದ್ದ ಬ್ಲೌಸುಗಳ ಮೇಲೆ ಮುದುಡಿಕೊಂಡು ಕಣ್ಣು ಮುಚ್ಚಿತು.

"ನೋಡ್ದ್ಯಾ ಅಕ್ಕ?" ಅಂದರು ಮಾವ, ಹೆಮ್ಮೆಯಿಂದ. "ಒಂಚೂರಾದ್ರೂ ಒಸ ಜಾಗ ಅನ್ನಂಗದಾ? ಉಟ್ಟಿದ್ ಮನೆಗ್ ಬಂದಂಗೆ ಒಂದ್ಕಂಡ್ಬುಡ್ತು!"

ಅವರಿಗೆ ಪಾಯಸ ಮಾಡಿ ಬಡಿಸಿ, ದೊಡ್ಡ ಉಪಕಾರ ಮಾಡಿದಿರಿ ಅಂತ ಕೈ ಮುಗಿದು ಕಳಿಸಿದೆವು. ಮಾವನ ಮಾತು ಮಾತ್ರ ಸುಳ್ಳಾಗಲಿಲ್ಲ. ಈಗ ನಮ್ಮ ಮರಿಗೆ ಬೀದಿಯ ಯಾವ ಬೆಕ್ಕಿನ ಕಾಟವೂ ಇಲ್ಲ. ಮನೆ ಬೆಕ್ಕಿನದು ಮಾತ್ರ.