ಸೋರುವ ಸಂಗ್ರಹಾಲಯಕ್ಕೊಂದು ಮಾಳಿಗೆ

ಒಳ್ಳೆಯ ಕೆಲಸಕ್ಕೆ ಪಟ್ಟಿ ಹಿಡಿದು ಚಂದಾ ಎತ್ತಲು ಹೊರಟವನಿಗೆ ಹಣ ಸಿಗುತ್ತದೋ ಇಲ್ಲವೋ, ನಗಲು ಮಾತ್ರ ಏನಾದರೊಂದು ಸಿಕ್ಕೇ ಸಿಗುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಇಳಕಲ್ಲಿನ ಶಾಲೆಯೊಂದರಲ್ಲಿ ಇತಿಹಾಸದ ಮಾಸ್ತರ. ಶಾಲೆಯ ಹಿಂದಿನ ಒಂದೇ ಕೋಣೆಯ ವಸ್ತು ಸಂಗ್ರಹಾಲಯಕ್ಕೆ ಕಾರ್ಯದರ್ಶಿಯೂ ನಾನೇ. ಅಲ್ಲಿನ ಶಾಸನ, ವೀರಗಲ್ಲುಗಳಿಗೆ ಮಳೆಯ ಚಿಂತೆ ಇರಲಿಲ್ಲ. ಆದರೆ ತಾಳೆಗರಿಯ ಕಟ್ಟುಗಳು ತೂತುಬಿದ್ದ ತಗಡಿನ ಕೆಳಗೆ ಇನ್ನೊಂದು ಮಳೆಗಾಲ ತಾಳುವಂತಿರಲಿಲ್ಲ. ಈ ಮಳೆಗಾಲಕ್ಕೆ ಮುಂಚೆ ತಗಡು ತೆಗೆಸಿ ಕಲ್ಲುಚಪ್ಪಡಿಯ ಮಾಳಿಗೆ ಹಾಕಿಸಿಯೇ ತೀರುತ್ತೇನೆ ಎಂದು ಸಂಗ್ರಹಾಲಯದ ಸಭೆಯಲ್ಲಿ ಹೇಳಿಬಿಟ್ಟೆ. ನನಗೆ ನನ್ನ ಮೇಲೆ ಭಾರಿ ಭರವಸೆ.

ಹೆಣಕ್ಕೆ ಆಯೇರಿ

ಮೊದಲು ಹುನಗುಂದದಲ್ಲಿ ಸಹಾಯಾರ್ಥ ನಾಟಕ ಆಡಿಸಿದೆವು. ನಮ್ಮ ಕಡೆ ಪಾತ್ರ ಮೆಚ್ಚಿದವರು ಆಟದ ನಡುವೆಯೇ ರಂಗ ಹತ್ತಿ, ನಟನ ಅಂಗಿಗೆ ನೋಟು ಚುಚ್ಚಿ ಆಯೇರಿ ಮಾಡುತ್ತಾರೆ. ಖಳನಾಯಕನಾಗಿದ್ದ ಕಿರಾಣಿ ಅಂಗಡಿಯವನು ಎಷ್ಟು ಚೆನ್ನಾಗಿ ಸತ್ತನೆಂದರೆ, ಅವನು ಬಿದ್ದ ಮೇಲೆ ಜನ ಸಾಲುಗಟ್ಟಿದರು. ಒಬ್ಬೊಬ್ಬರು ಬಂದಾಗಲೂ ಹೆಣ ಎದ್ದು ನಿಂತು, ನೋಟು ಚುಚ್ಚಿಸಿಕೊಂಡು, ಕೈಮುಗಿದು, ಮತ್ತೆ ಬಿದ್ದು ಸಾಯುತ್ತಿತ್ತು. ನನಗೆ ಅರ್ಧ ಮಾಳಿಗೆ ಅಲ್ಲೇ ಕಂಡಿತು.

ಪರದೆ ಬಿದ್ದ ಕೂಡಲೇ ಹೋಗಿ ಅವನ ಅಂಗಿಗೆ ಕೈ ಹಾಕಿದೆ. ಅವನು ಹಿಂದೆ ಸರಿದ.

“ಟಿಕೀಟಿನ ರೊಕ್ಕ ನಿಮ್ದರಿ, ಆಯೇರಿ ನಂದು. ಹತ್ತ ಸಲ ಸತ್ತಾಂವ ನಾನೋ, ನಿಮ್ಮ ಮ್ಯೂಜಿಯಮ್ಮೋ?”

ಸೀರೆಯ ಚೀಟಿ

ಆಮೇಲೆ ನೇಕಾರರೊಬ್ಬರು ನಮ್ಮೂರಿನ ಹೆಸರಾದ ಟೋಪಿ ತೆನೆ ಸೆರಗಿನ ಸೀರೆ ದಾನ ಕೊಟ್ಟರು. ಅದಕ್ಕೆ ಲಾಟರಿ ಚೀಟಿ ಮಾರಿ, ಎಲ್ಲರೆದುರು ಒಂದನ್ನು ಎತ್ತಿಸಿದರೆ ಬಂದದ್ದು ನನ್ನ ಹೆಂಡತಿಯ ಹೆಸರು. ಜನ ಆಡಿಕೊಂಡಾರು ಎಂದು ನಾನೇ ಎದ್ದು, ಕಾರ್ಯದರ್ಶಿಯ ಮನೆಗೆ ಬೇಡ, ಇನ್ನೊಮ್ಮೆ ಎತ್ತಿರಿ ಅಂದೆ. ಚಪ್ಪಾಳೆ ಬಿತ್ತು. ಎರಡನೇ ಸಲವೂ ಅವಳ ಹೆಸರೇ. ನನಗೆ ಹೇಳದೆ ನಾಲ್ಕು ಚೀಟಿ ಕೊಂಡಿದ್ದಳಂತೆ. ಅದನ್ನೂ ಬಿಟ್ಟುಕೊಟ್ಟೆ, ಚಪ್ಪಾಳೆ ಇನ್ನೂ ಜೋರಾಯಿತು. ಮೂರನೇ ಸಲ ಸೀರೆ ಒಬ್ಬ ಬ್ರಹ್ಮಚಾರಿ ಗುಮಾಸ್ತನಿಗೆ ಹೋಯಿತು.

ಮನೆಗೆ ಬಂದು ಊಟಕ್ಕೆ ಕುಳಿತೆ. ತಾಟು ಖಾಲಿ.

“ಚಪ್ಪಾಳಿ ಭಾಳ ಬಂದಾವಲ್ರಿ, ಅವನ್ನ ಉಣ್ರಿ” ಅಂದಳು.

ಶಾಸನದ ಕೊನೆಯ ಸಾಲು

ಟಿಕೀಟಿನ ಮತ್ತು ಚೀಟಿಯ ದುಡ್ಡಿನಲ್ಲಿ ಮಾಳಿಗೆ ಕಟ್ಟುವ ಗೌಂಡಿಯ ಕೂಲಿ ಹೊಂದಿತು. ಇನ್ನು ಕಲ್ಲು ಬೇಕಿತ್ತು. ಕಲ್ಲುಗಣಿಯ ಸಾಹುಕಾರರೊಬ್ಬರನ್ನು ಶಾಲೆಯ ಸಮಾರಂಭಕ್ಕೆ ಕರೆದೆವು. ಅಷ್ಟೂ ಚಪ್ಪಡಿ ನನ್ನದೇ ಎಂದು ಮೈಕಿನಲ್ಲಿ ಸಾರಿ, ಹಾರ ಹಾಕಿಸಿಕೊಂಡು ಹೋದರು. ಆಮೇಲೆ ಅವರ ಮನೆಗೆ ಹೋದಾಗಲೆಲ್ಲ ನನಗೆ ಚಹಾ ಸಿಗುತ್ತಿತ್ತು, ಕಲ್ಲು ಸಿಗುತ್ತಿರಲಿಲ್ಲ. ಮೋಡ ಕಟ್ಟತೊಡಗಿತು, ನನ್ನ ಭರವಸೆಯೂ ಸ್ವಲ್ಪ ಕುಗ್ಗಿತು. ಅಷ್ಟರಲ್ಲಿ ಅವರು ತಮ್ಮ ಹೆಸರು ಕೆತ್ತಲು ಕಲ್ಲುಕುಟಿಗನನ್ನು ಮಾತ್ರ ಕಳಿಸಿದರು.

ಅವನು ಸಂಗ್ರಹಾಲಯದ ಹಳೆಯ ಶಾಸನ ನೋಡಿ, ಇದೇನು ಬರಹ ಎಂದು ಕೇಳಿದ. ಹಿಂದೆ ಗುಡಿಗೆ ದಾನ ಕೊಟ್ಟವರ ಹೆಸರು ಕೆತ್ತಿದ ಕಲ್ಲು ಎಂದು ಹೇಳಿ ನಾನು ಪಾಠಕ್ಕೆ ಹೋದೆ. ಸಂಜೆ ಮರಳಿ ಬಂದರೆ ಶಾಸನದ ಕೆಳಗಿನ ಖಾಲಿ ಜಾಗದಲ್ಲಿ ಸಾಹುಕಾರರ ಹೆಸರು ಹೊಸದಾಗಿ ಹೊಳೆಯುತ್ತಿತ್ತು. ಇದೇನು ಮಾಡಿದೆ ಎಂದು ಕೂಗಿದೆ.

“ದಾನ ಕೊಟ್ಟವರ ಕಲ್ಲು ಅಂದ್ರಲ್ರಿ, ಜಾಗಾನೂ ಇತ್ತು” ಅಂದ ಅವನು, ಶಾಂತವಾಗಿ.

ಸಾಹುಕಾರರು ತಾಯಿಯನ್ನು ಕರೆದುಕೊಂಡು ಹೆಸರು ನೋಡಲು ಬಂದರು. ಅದರ ಮೇಲಿನ ಸಾಲಿನಲ್ಲಿ ಏನಿದೆ ಓದಿ ಎಂದು ಆ ಮುದುಕಿ ಕೇಳಿದರು. ಸಾವಿರ ವರ್ಷದ ಕಲ್ಲು ಕೆಟ್ಟ ಸಂಕಟದಲ್ಲಿದ್ದ ನಾನು ಇದ್ದದ್ದನ್ನು ಇದ್ದ ಹಾಗೇ ಓದಿದೆ. ತಾನು ಕೊಟ್ಟದ್ದನ್ನಾಗಲಿ, ಇತರರು ಕೊಟ್ಟದ್ದನ್ನಾಗಲಿ ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ. ಅದರ ಕೆಳಗೇ ಮಗನ ಹೆಸರು. ಮುದುಕಿ ಒಮ್ಮೆ ತಲೆಯ ಮೇಲಿನ ತಗಡಿನ ತೂತು ನೋಡಿದರು, ಒಮ್ಮೆ ಮಾತು ಕೊಟ್ಟು ಕಲ್ಲು ಕೊಡದ ಮಗನ ಮುಖ ನೋಡಿದರು.

ಮರುದಿನ ಮಧ್ಯಾಹ್ನದೊಳಗೆ ಹನ್ನೊಂದು ಬಂಡಿ ಚಪ್ಪಡಿ ಬಂದು ಬಿದ್ದವು. ಮೊದಲ ಮಳೆಗೆ ಮಾಳಿಗೆ ಸಿದ್ಧವಾಗಿತ್ತು, ತಾಳೆಗರಿಗೆ ಒಂದು ಹನಿಯೂ ತಾಗಲಿಲ್ಲ. ಅಂದು ಸಾಹುಕಾರರು ಮಳೆಯಲ್ಲೇ ಬಂದು ನನ್ನನ್ನು ಬದಿಗೆ ಕರೆದರು.

“ಮಾಸ್ತರ್ರ, ಕಲ್ಲು ಮುಟ್ಟಿದ್ವು ಅಂತ ನನ್ನ ಹೆಸರಿನ ಕೆಳಗ ಇನ್ನೊಂದ ಸಾಲು ಕೆತ್ತಸ್ರಿ. ಬಾಯಿಮಾತು ಅರವತ್ತು ಸಾವಿರ ವರ್ಷ ಉಳಿಯಂಗಿಲ್ಲ.”