ಉಡಿ ತುಂಬಿಸಿಕೊಂಡ ತೇಲುಯಂತ್ರಕ್ಕೆ ಮೊರಬದಿಂದ ಒಂದು ತಕರಾರು

ಸಮುದ್ರದ ಗಾಳಿ, ಮಳೆ, ಅಲೆಗಳನ್ನು ಅಳೆಯಲು ನೇಮಕಗೊಂಡು, ಸದ್ಯ ಕರಾವಳಿಯ ಕೇಂದ್ರದ ಅಂಗಳದಲ್ಲಿ ಹಡಗಿನ ದಾರಿ ಕಾಯುತ್ತಿರುವ ಹಳದಿ ಬಣ್ಣದ ತೇಲುಯಂತ್ರದವರಾದ ಮಾನ್ಯರೇ,

ಮೊರಬದ ರೈತ ಸಂಘದ ಕಾರ್ಯದರ್ಶಿ ಶಂಭುಲಿಂಗಪ್ಪನ ಭಯಭಕ್ತಿಪೂರ್ವಕ ನಮಸ್ಕಾರಗಳು. ನಾವಿಲ್ಲಿ ಕ್ಷೇಮ, ತಾವೂ ತುಕ್ಕು ಹಿಡಿಯದೆ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಈ ಅಹವಾಲನ್ನು ತಮ್ಮ ಅಧಿಕಾರಿಗಳಿಗೆ ಆಗಲೇ ಬರೆದು, ಉತ್ತರ ಕಾಣದೆ ಸುಮ್ಮನಾಗಿದ್ದೆ. ತಾವಾದರೋ ನಡುಸಮುದ್ರದಲ್ಲಿ ನಿಂತೂ ತಪ್ಪದೆ ಸುದ್ದಿ ಕಳಿಸುವವರೆಂದು ಕೇಳಿ, ಈಗ ತಮ್ಮ ಪಾದವನ್ನೇ ಹಿಡಿದಿದ್ದೇನೆ. ಪಾದ ಯಾವ ಕಡೆಗಿದೆ ಎಂಬುದು ತಿಳಿಯದ್ದಕ್ಕೆ ಕ್ಷಮೆಯಿರಲಿ.

ಕಳೆದ ತಿಂಗಳು ನಮ್ಮ ಸಂಘದ ಮೊದಲ ಬಸ್ಸು ತಮ್ಮ ಕೇಂದ್ರವನ್ನು ನೋಡಲು ಬಂದಿತ್ತು. ಕಿರಣಕುಮಾರ ಎಂಬ ಯುವ ಅಧಿಕಾರಿಗಳು, ತಮ್ಮನ್ನು ದಡ ಕಾಣದಷ್ಟು ದೂರ ಒಯ್ದು, ಸರಪಳಿ ಕಟ್ಟಿ, ವರ್ಷಗಟ್ಟಲೆ ಒಂಟಿಯಾಗಿ ಬಿಟ್ಟುಬರುತ್ತಾರೆಂದು ಬಹಳ ಸಮಾಧಾನದಿಂದ ವಿವರಿಸಿದರು. ಅವರು ಹೇಳಿದ ವಿಜ್ಞಾನದಲ್ಲಿ ನನ್ನ ಹೆಂಡತಿ ಮಲ್ಲಕ್ಕನ ಕಿವಿಗೆ ಬಿದ್ದದ್ದು ಒಂಟಿ ಎಂಬ ಮಾತೊಂದೇ. "ಅಷ್ಟ ದೂರ ಹೊಂಟಾಕಿನ್ನ ಖಾಲಿ ಉಡೀಲೆ ಕಳಸಬಾರದ್ರಿ" ಎಂದವಳೇ, ಸಮುದ್ರದ ಗಂಗವ್ವನಿಗೆಂದು ಊರಿಂದ ತಂದಿದ್ದ ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಕುಬ್ಬಸದ ಖಣಗಳನ್ನು ಚೀಲದಿಂದ ಹೊರಗೆ ತೆಗೆದಳು.

ಗಂಡಸರೆಲ್ಲ ಚಹಾ ಕುಡಿಯಲು ಹೋದ ಹೊತ್ತು. ಯಂತ್ರಕ್ಕೆ ಉಡಿ ಎಲ್ಲಿದೆ ಎಂದು ಹೆಣ್ಣುಮಕ್ಕಳು ಸುತ್ತು ಹಾಕಿ ನೋಡಿ, ಪಕ್ಕಕ್ಕೆ ಆನಿಸಿಟ್ಟಿದ್ದ ಏಣಿಯನ್ನು ಏರಿ, ಮೇಲೆ ಬಾಯಿ ತೆರೆದುಕೊಂಡಿದ್ದ ಪಾತ್ರೆಯೇ ಉಡಿಯೆಂದು ತೀರ್ಮಾನಿಸಿದರು. ಅದು ಮಳೆಮಾಪಕವೆಂದು ಅದರ ಮೇಲೆ ಬರೆದಿರಲಿಲ್ಲ. ಅಕ್ಕಿ ಅದರೊಳಗೆ ಹೋಯಿತು. ಖಣವನ್ನು ಗಿರಗಿರ ತಿರುಗುತ್ತಿದ್ದ ಗಾಳಿಮಾಪಕಕ್ಕೆ ಚೆಂದವಾಗಿ ಸುತ್ತಲಾಯಿತು. ಅತ್ತ ಒಳಗಿನ ಪರದೆಯ ಮೇಲೆ ಗಾಳಿ ಪೂರ್ತಿ ನಿಂತು, ಧಾರಾಕಾರ ಮಳೆ ಶುರುವಾಯಿತಂತೆ. ಕಿರಣಕುಮಾರರು ರಣರಣ ಬಿಸಿಲಿಗೆ ಕೊಡೆ ಹಿಡಿದು ಓಡಿಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸರಕಾರಿ ಕಚೇರಿಯೊಂದು ನಮ್ಮೂರವರ ಕೆಲಸಕ್ಕೆ ಅಷ್ಟು ಬೇಗ ಸ್ಪಂದಿಸಿದ್ದು ಅದೇ ಮೊದಲು.

ಸುಳ್ಳು ಮಳೆ ದಾಖಲಾಯಿತೆಂದು ತಮ್ಮವರು ಬಹಳ ನೊಂದಿದ್ದಾರೆ. ಫೋನಿಗೆ ಬಂದ ಮಳೆಯ ಸಂದೇಶ ನಂಬಿ, ಕಣದಲ್ಲಿ ಒಣಹಾಕಿದ ಮೆಣಸಿನಕಾಯಿಯನ್ನು ನಾವು ಈ ವರ್ಷ ಎಷ್ಟು ಸಲ ಒಳಗೆ ಹೊತ್ತೆವೋ, ಒಂದು ಹನಿಯೂ ಬೀಳದೆ ಎಷ್ಟು ಸಲ ಮತ್ತೆ ಹೊರಗೆ ಹರವಿದೆವೋ. ಆದರೂ ನಾವು ಯಾರ ಪ್ರವೇಶವನ್ನೂ ನಿಷೇಧಿಸಲಿಲ್ಲ. ತಮ್ಮವರು ಮಾತ್ರ ಮೊರಬದವರನ್ನು ಮುಂದಿನ ಆದೇಶದವರೆಗೆ ಒಳಗೆ ಬಿಡಕೂಡದೆಂದು ಬರೆದು, ನಮ್ಮ ಎರಡನೆಯ ಬಸ್ಸನ್ನು ರದ್ದು ಮಾಡಿದ್ದಾರೆ.

ನನ್ನ ತಕರಾರು ಇಲ್ಲಿದೆ. ಮೊದಲ ಬಸ್ಸಿನ ಕೊನೆಯ ಸೀಟಿಗೆ ಚೀಟಿ ಎತ್ತಿದಾಗ ಹೆಸರು ಬಂದದ್ದು ಬಾಜು ಮನೆಯ ಜೈನಬಿಯದು. ಹುಟ್ಟಿದಂದಿನಿಂದ ಸಮುದ್ರ ನೋಡದ ಆಕೆ, ಮಲ್ಲಕ್ಕನ ಸಪ್ಪೆ ಮೋರೆ ನೋಡಲಾಗದೆ, ತಾನು ಎರಡನೆಯ ಬಸ್ಸಿಗೆ ಬರುವುದಾಗಿ ಹೇಳಿ ತನ್ನ ಸೀಟು ಬಿಟ್ಟುಕೊಟ್ಟಳು. ಈಗ ಮಲ್ಲಕ್ಕ ಆ ಮನೆಯ ಮುಂದೆ ಹಾಯಲಾರದೆ ಹಿಂದಿನ ಓಣಿಯಿಂದ ಸುತ್ತುಬಳಸಿ ತಿರುಗಾಡುತ್ತಾಳೆ. ಜೈನಬಿ ಎರಡು ಮಾತು ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆದ್ದರಿಂದ, ಮಾನ್ಯರೇ, ಹಡಗು ಬಂದ ದಿನ ತಾವು ದಯಮಾಡಿ ಸ್ವಲ್ಪ ಕೆಟ್ಟು ನಿಲ್ಲಬೇಕು. ಅದು ಕಷ್ಟದ ಕೆಲಸವಲ್ಲ. ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕ ಅದರಲ್ಲಿ ಪಳಗಿದೆ, ಬೇಕಾದರೆ ತರಬೇತಿ ಕೊಡಿಸುತ್ತೇನೆ. ಜೈನಬಿ ಬಂದು ತಮ್ಮನ್ನೂ ಸಮುದ್ರವನ್ನೂ ಕಣ್ತುಂಬ ನೋಡುವವರೆಗೆ ಯಾವ ರಿಪೇರಿಗೂ ಬಗ್ಗಬಾರದು. ಅಲ್ಲದೆ ಉಡಿ ತುಂಬಿದ ಮೇಲೆ ತಾವು ನಮ್ಮ ಮನೆಮಗಳಾದಿರಿ. ನಾಗರ ಪಂಚಮಿಗೆ ರಜೆ ಹಾಕಿ, ಸರಪಳಿ ಬಿಚ್ಚಿಸಿಕೊಂಡು ತವರಿಗೆ ಬರಬೇಕು. ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತೇವೆ. ತಮ್ಮ ತೂಕಕ್ಕೆ ಟ್ರ್ಯಾಕ್ಟರಿನ ಹಗ್ಗವನ್ನೇ ಹಾಕಿಸುತ್ತೇವೆ.

ತವರಿನ ಕಡೆಯಿಂದ
ತಮ್ಮ ವಿಶ್ವಾಸಿ,
ಶಂಭುಲಿಂಗಪ್ಪ, ಮೊರಬ

ತಾ.ಕ.: ಪರವಾನಗಿ ಬರುವವರೆಗೆ ತಡೆಯೆಂದು ಇವತ್ತು ಜೈನಬಿಗೆ ಹೇಳಿ ನೋಡಿದೆ. "ಮಗಳ ಮನಿಗಿ ಹೋಗಾಕ ಯಾರ ಅಪ್ಪಣಿ ಬೇಕ್ರಿ ಅಣ್ಣಾರ" ಎಂದಳು. ಸೋಮವಾರ ಬಸ್ಸು ಹೊರಡುತ್ತದೆ. ಮುಂದಿನ ಸೀಟು ಆಕೆಯದು, ಬುತ್ತಿಗೆ ರೊಟ್ಟಿ ಬಡಿಯುತ್ತಿರುವವಳು ಮಲ್ಲಕ್ಕ. ಗೇಟು ತೆಗೆಯದಿದ್ದರೆ ನಮ್ಮ ಹೆಣ್ಣುಮಕ್ಕಳು ಅದರ ಮುಂದೆಯೇ ಕುಳಿತು ಎಣ್ಣೆಗಾಯಿ, ಶೇಂಗಾ ಹಿಂಡಿಯ ಬುತ್ತಿಗಂಟು ಬಿಚ್ಚುತ್ತಾರೆ. ಅದರ ಘಮ ಹೊತ್ತ ಗಾಳಿ ಯಾವ ಕಡೆಗೆ ಬೀಸುತ್ತಿದೆ, ಒಳಗಿನ ಅಧಿಕಾರಿಗಳು ಎಷ್ಟು ಹೊತ್ತು ತಡೆದುಕೊಂಡರು ಎಂಬುದನ್ನು ತಾವೇ ಸರಿಯಾಗಿ ಅಳೆದು ಮೇಲಿನವರಿಗೆ ವರದಿ ಮಾಡಬೇಕು.