ಎರಡನೆಯ ಮುಂಜಿ

ಮನುಷ್ಯನ ಅಂಗಾಂಗಗಳಲ್ಲಿ ಕೆಲವಕ್ಕೆ ಮಾತ್ರ ಸಾರ್ವಜನಿಕ ಸಹಾನುಭೂತಿಯ ಹಕ್ಕಿದೆ. ಕೈ ಮುರಿದರೆ ಆಫೀಸಿನವರು ಪ್ಲಾಸ್ಟರಿನ ಮೇಲೆ ಸಹಿ ಹಾಕುತ್ತಾರೆ. ಹಲ್ಲು ಕಿತ್ತರೆ ಐಸ್‌ಕ್ರೀಮು ತಿನ್ನಲು ಹೇಳುತ್ತಾರೆ. ಹೃದಯದ ಮಾತಂತೂ ಬೇಡವೇ ಬೇಡ, ಅದರೊಳಗೊಂದು ಸ್ಟೆಂಟ್ ಕೂತರೆ ಸಾಕು, ಎಂಥ ಅಬ್ಬೇಪಾರಿಗೂ ಒಂದು ಗಾಂಭೀರ್ಯ ಬಂದುಬಿಡುತ್ತದೆ. ಆದರೆ ಹೊಕ್ಕುಳಿನ ಕೆಳಗೆ, ತೊಡೆಯ ಮೇಲೆ ಇರುವ ಆ ಸಣ್ಣ ಪ್ರದೇಶದಲ್ಲಿ ಕತ್ತರಿ ಆಡಿಸಿಕೊಂಡವನನ್ನು "ಈಗ ಹೇಗಿದೆ?" ಎಂದು ಕೇಳುವವರಿಲ್ಲ. ಕೇಳಿದರೂ ಹೇಳಲು ಬಾಯಿ ಬರುವುದಿಲ್ಲ. ಅಂಥವರಿಗೆಂದೇ ದೇವರು ಹರ್ನಿಯಾವನ್ನು ಸೃಷ್ಟಿಸಿರಬೇಕು. ಹರ್ನಿಯಾ ಸಭ್ಯರ ಕಾಯಿಲೆ. ಜಾಗ ಹತ್ತಿರದ್ದೇ ಆದರೂ ಮರ್ಯಾದೆಯ ಗಡಿಯಿಂದ ಒಂದು ಗೇಣು ಈಚೆಗಿದೆ. ದುಬೈಯಲ್ಲಿ, ತಲೆ ನರೆತ ಮೇಲೆ, ನಾನು ಸುನ್ನತಿ ಮಾಡಿಸಿಕೊಂಡಾಗ ಎಲ್ಲರಿಗೂ ಹೇಳಿದ್ದು ಎಡಗಡೆಯ ಹರ್ನಿಯಾ ಎಂದೇ. ಎಷ್ಟು ಸಲ ಹೇಳಿದೆನೆಂದರೆ, ಈಗ ಆಸ್ಪತ್ರೆಯನ್ನು ನೆನೆಸಿಕೊಂಡರೆ ಎಡಗಡೆಗೆ ಬ್ಯಾಂಡೇಜು ಕಟ್ಟಿದ್ದೇ ಕಣ್ಣಿಗೆ ಬರುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದನ್ನೂ ನೀವು ಪೂರ್ತಿ ನಂಬಬೇಕಾಗಿಲ್ಲ. ನೆನಪಿಗೂ ಕರಗುವ ದಾರದಲ್ಲೇ ಹೊಲಿಗೆ ಹಾಕುತ್ತಾರೆ. ಎಲ್ಲಿ ಹಾಕಿದ್ದೆಂದು ಆಮೇಲೆ ಗೊತ್ತಾಗುವುದಿಲ್ಲ.

ನಾನು ಉಡುಪಿ ಕಡೆಯ ಭಟ್ಟ, ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸರಕಿನ ಕಾಗದಪತ್ರ ನೋಡಿಕೊಳ್ಳುವವನು. ಸಕ್ಕರೆ ಕಾಯಿಲೆ ಕಣ್ಣಿಗೆ ಹೋಗುತ್ತದೆ, ಕಿಡ್ನಿಗೆ ಹೋಗುತ್ತದೆ ಎಂದು ಓದಿದ್ದೆ. ನನ್ನದು ಬೇರೆ ದಾರಿ ಹಿಡಿಯಿತು. ತುದಿಯ ಚರ್ಮ ಸೀಳುವುದು, ಮಾಯುವುದು, ಮತ್ತೆ ಸೀಳುವುದು. ಕೊನೆಗೆ ಅದು ಹಿಂದೆ ಸರಿಯುವುದನ್ನೇ ಬಿಟ್ಟು, ಮೂತ್ರಕ್ಕೂ ಬಾಗಿಲು ಹಾಕತೊಡಗಿತು. ಈಜಿಪ್ಟಿನ ಡಾಕ್ಟರು ಒಮ್ಮೆ ನೋಡಿ, ಬೆರಳನ್ನು ಕತ್ತರಿಯಂತೆ ಆಡಿಸಿ, "ಖಲಾಸ್" ಎಂದರು. ಗುಣವಾಗಲು ಎಷ್ಟು ದಿನವೆಂದು ಕೇಳಿದೆ. ವಾರದಲ್ಲಿ ಆಫೀಸಿಗೆ ಹೋಗಬಹುದು ಎಂದರು. ಅದರ ಮುಂದೆ ಅವರು ಹೇಳಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಯಾಕೆಂದರೆ ಆ ಹೊತ್ತಿಗಾಗಲೇ ಊರಿನಲ್ಲಿ ನನ್ನ ಹೆಂಡತಿ ಜಯಶ್ರೀಯ ಕೈಯಲ್ಲಿ ವಿಸಿಟ್ ವೀಸಾ ಇತ್ತು, ಟಿಕೆಟ್ ಇತ್ತು. ಎರಡು ವರ್ಷದ ಮೇಲೆ ನಾವಿಬ್ಬರು ಒಂದೇ ಸೂರಿನಡಿ ಇರುವುದಿತ್ತು. ದುಬೈಯ ನೈಫ್ ಬಡಾವಣೆಯ ನಮ್ಮ ಕೋಣೆಯಲ್ಲಿ ನನ್ನೊಂದಿಗಿರುವ ಹಮೀದಾಕ, ಅಲ್ಲೇ ಮೊಬೈಲ್ ಕವರುಗಳ ಅಂಗಡಿಯಿಟ್ಟಿರುವ ನಮ್ಮೂರ ಕಡೆಯ ಬ್ಯಾರಿ ಮುಸಲ್ಮಾನ, "ಅಕ್ಕ ಇರುವಷ್ಟು ದಿನ ನಾನು ಅಬುಧಾಬಿಯ ಖಾಲಿದಿಯಾದಲ್ಲಿ ತಂಗಿ ಮಗನ ಮನೆಯಲ್ಲಿ ಇರ್ತೇನೆ ಭಟ್ರೇ" ಎಂದು ತಾನಾಗಿ ಹೇಳಿಯಾಗಿತ್ತು. ಅಬುಧಾಬಿಯಿಂದ ದಿನಾ ಅಂಗಡಿಗೆ ಬಂದುಹೋಗುವ ಔದಾರ್ಯವನ್ನು ಯಾರು ತೋರಿಸುತ್ತಾರೆ? ಎಲ್ಲವೂ ಸಿದ್ಧವಾಗಿತ್ತು, ನಾನೊಬ್ಬನನ್ನು ಬಿಟ್ಟು. ಆಪರೇಶನ್ ಮುಗಿದು ಆಸ್ಪತ್ರೆಯಿಂದ ಹೊರಡುವಾಗ ಕೇರಳದ ಸಿಸ್ಟರು ಔಷಧಿಯ ಚೀಲ ಕೊಟ್ಟು, ತನಗೆ ಬಂದಷ್ಟು ಕನ್ನಡದಲ್ಲಿ, "ಸಾರ್, ಆರು ವಾರ ಹೆಂಡತಿ ಇಲ್ಲ" ಎಂದರು. ಜಯಳ ಇಡೀ ಪ್ರವಾಸ ಆ ಆರು ವಾರದೊಳಗೆ ಲಕೋಟೆಯೊಳಗಿನ ಕಾಗದದ ಹಾಗೆ ಅಚ್ಚುಕಟ್ಟಾಗಿ ಕೂರುತ್ತಿತ್ತು. ಬರಬೇಡ ಎನ್ನುವ ಧೈರ್ಯವಾಗಲಿಲ್ಲ. ಹರ್ನಿಯಾ ಎಂದೆ.

ಇನ್ನು ಗಾಯದ ಆರೈಕೆ. ವ್ಯಾಸಲೀನು ಮೆತ್ತಿದ ಬ್ಯಾಂಡೇಜು ಬಟ್ಟೆ ಗಾಯಕ್ಕೆ ಅಂಟಿಕೊಳ್ಳುತ್ತದೆ. ಎಳೆಯಬಾರದು, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಅದಾಗಿಯೇ ಬಿಡುವ ತನಕ ಕಾಯಬೇಕು. ನಾನು ಬದುಕಿನಲ್ಲಿ ಯಾವುದಕ್ಕೂ ಅಷ್ಟು ತಾಳ್ಮೆಯಿಂದ ಕಾದವನಲ್ಲ. ಬಿಟ್ಟ ಮೇಲೆ ಕೆಳಗೆ ಕಂಡದ್ದು ಆಗಷ್ಟೇ ಎಣ್ಣೆಯಿಂದ ತೆಗೆದ ಗೋಳಿಬಜೆ. ಹಾಗೆ ಉಬ್ಬಿತ್ತು, ಅದೇ ಬಣ್ಣ. ಅದರ ಮೇಲೊಂದು ಹಳದಿ ಪೊರೆ ಬಂದಾಗ ಕೀವೆಂದು ಹೆದರಿ ಸಿಸ್ಟರಿಗೆ ಫೋನು ಮಾಡಿದರೆ, "ವಾಸನೆ ಇಲ್ಲ, ಜ್ವರ ಇಲ್ಲ, ಅಲ್ವಾ? ಅದು ಗಾಯ ಮಾಯುವ ಲಕ್ಷಣ ಸಾರ್, ಉಜ್ಜಬೇಡಿ" ಎಂದರು. ಇನ್ನೊಂದು ವಿಷಯವನ್ನು ಸಭ್ಯವಾಗಿ ಹೇಳಲು ಪ್ರಯತ್ನಿಸುತ್ತೇನೆ. ಗಂಡಸಿನ ಶರೀರದಲ್ಲಿ ಬೆಳಗಾಗುವ ಮುಂಚೆ ಯಜಮಾನನ ಅಪ್ಪಣೆಯಿಲ್ಲದೆ ಒಂದು ಧ್ವಜಾರೋಹಣ ನಡೆಯುವುದುಂಟು. ನನ್ನಲ್ಲಿ ಎಷ್ಟೋ ಕಾಲದಿಂದ ರಜೆಯಲ್ಲಿದ್ದ ಆ ಪದ್ಧತಿ ಹೊಲಿಗೆ ಬಿದ್ದ ಮರುದಿನವೇ ಕೆಲಸಕ್ಕೆ ಹಾಜರಾಯಿತು. ಹೊಲಿಗೆಗಳು ಒಂದೊಂದೂ ಹೆಸರು ಹಿಡಿದು ಕೂಗಿದವು. ಮತ್ತೆ ಕೆಲಸಕ್ಕೆ ಹೊರಟರೆ ಕಂಪೆನಿ ಬಸ್ಸು. ಜೆಬೆಲ್ ಅಲಿಯ ರಸ್ತೆಗಳಲ್ಲಿ ಅಷ್ಟೊಂದು ಹಂಪುಗಳಿವೆ ಎಂಬುದು ಅಷ್ಟು ವರ್ಷ ನನಗೆ ತಿಳಿದೇ ಇರಲಿಲ್ಲ.

ಹಮೀದಾಕನಿಂದ ಮುಚ್ಚಿಡುವಂತಿರಲಿಲ್ಲ. ನಮ್ಮದು ಬಂಕ್ ಮಂಚ, ಕೆಳಗೆ ನಾನು, ಮೇಲೆ ಅವರು. ಲುಂಗಿ ತಾಗಿದರೂ ಜೀವ ಹೋಗುತ್ತಿದ್ದ ನನ್ನನ್ನು ನೋಡಿ, ಅವರು ಚಿಕ್ಕಂದಿನಲ್ಲಿ ತನಗೆ ಹೀಗೆ ಮಾಡಿದ್ದರೆಂದು ಲುಂಗಿಯ ನಡುವಿಗೆ ಒಂದು ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ತನ್ನ ಮಂಚದ ಅಡಿಪಟ್ಟಿಗೆ ಬಿಗಿದರು. ಡೇರೆ ಸಿದ್ಧವಾಯಿತು. ಅವರು ಮೇಲೆ ಮಗ್ಗುಲು ಬದಲಿಸಿದಾಗಲೆಲ್ಲ ಪಟ್ಟಿ ಬಾಗಿ ಡೇರೆ ಒಮ್ಮೆ ಇಳಿದು ಏಳುತ್ತಿತ್ತು. ಇಷ್ಟಕ್ಕೇ ನಿಲ್ಲಿಸಿದ್ದರೆ ಅವರನ್ನು ವೈದ್ಯರೆಂದೇ ಕರೆಯುತ್ತಿದ್ದೆ. ಆದರೆ ಅವರು ಕೊಬ್ಬರಿ ಎಣ್ಣೆಗೆ ಅರಸಿನ ಕಲಸಿ ತಂದರು. ಹಚ್ಚಿದೆ. ಆ ಉರಿಯ ವರ್ಣನೆ ಬೇಡ. ಮೊಟ್ಟೆ ಬೇಯಿಸಿ ತಂದರು.

"ಹಮೀದಾಕ, ನಾನು ಭಟ್ಟ ಮಾರಾಯ್ರೆ!"

"ನೀವು ಭಟ್ರು ಹೌದು. ಗಾಯ ಭಟ್ರದ್ದಾ? ಅದು ಈಗ ನಮ್ಮ ಕಡೆಯದ್ದಲ್ವಾ?"

ಅನಾಹುತವಾದದ್ದು ಒಂದು ರಜೆಯ ಬೆಳಿಗ್ಗೆ. ನನ್ನ ಎರಡೂ ಕೈ ಬ್ಯಾಂಡೇಜು ಬಟ್ಟೆ ಬಿಡಿಸುವುದರಲ್ಲಿದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಹಮೀದಾಕ ಮೂಲೆಯ ಒಲೆಯಲ್ಲಿ ಬಂಗುಡೆ ಮೀನು ಕಾಯಿಸುತ್ತಿದ್ದರು. ಜಯ ತನ್ನ ಅಣ್ಣನ ಮಗನ ಉಪನಯನದ ಸುದ್ದಿ ಹೇಳುತ್ತಿದ್ದಳು. "ಮುಂಜಿ ಮುಗಿಸಿಯೇ ನಾನು ಹೊರಡುದು. ಒಟ್ಟು ಮುಂಜಿ ಒಂದು ಚೆಂದದಲ್ಲಿ ಆದ್ರೆ ಸಾಕು" ಎಂದಳು. ನಮ್ಮ ಕಡೆ ಮುಂಜಿ ಎಂದರೆ ಭಟ್ಟರಿಗೆ ಜನಿವಾರ, ಬ್ಯಾರಿಗಳಿಗೆ ಸುನ್ನತಿ. ಒಬ್ಬರಲ್ಲಿ ಒಂದನ್ನು ಸೇರಿಸುತ್ತಾರೆ, ಇನ್ನೊಬ್ಬರಲ್ಲಿ ಒಂದನ್ನು ಕಳೆಯುತ್ತಾರೆ, ಪದ ಮಾತ್ರ ಒಂದೇ. ಗಂಡನಾದವನು ಹೆಂಡತಿಗೂ ಸುಳ್ಳು ಹೇಳಿರಬಹುದೆಂದು ಹಮೀದಾಕನಿಗೆ ಎಲ್ಲಿ ತೋಚಬೇಕು? ಒಲೆಯ ಕಡೆಯಿಂದಲೇ ಕೂಗಿದರು: "ಚೆಂದ ಆಗಿದೆ ಅಕ್ಕಾ, ಚೆಂದ ಆಗಿದೆ! ನಿನ್ನೆಯಿಂದ ರಕ್ತ ಇಲ್ಲ. ಊತ ಮಾತ್ರ ಸ್ವಲ್ಪ ಉಂಟು!"

ಆ ಕಡೆಯಿಂದ ಜಯ, "ಯಾರ ಮುಂಜಿ?"

"ನನ್ನದು ಎಂಟನೇ ವರ್ಷಕ್ಕೇ ಆಗಿದೆಯಲ್ಲ ಜಯಾ" ಎಂದೆ. ಅಪಾಯದಲ್ಲಿ ನನಗೆ ಬರುವ ಬುದ್ಧಿ ಇಂಥದ್ದು.

"ಅದು ಗೊತ್ತುಂಟು. ಈಗ ಆದದ್ದು ಯಾವುದು?"

ಹೇಳಿದೆ. ಅವಳು ನಂಬಲಿಲ್ಲ. "ನಿಜ ಹೇಳಿ. ಅಲ್ಲಿ ಯಾರಾದ್ರೂ ಇದ್ದಾಳಾ? ಯಾರಿಗೋಸ್ಕರ ಜಾತಿ ಬಿಟ್ರಿ?"

"ಶುಗರ್ ಮಾರಾಯ್ತಿ, ಶುಗರ್!"

"ಶುಗರಿಗೆ ಮುಂಜಿ ಮಾಡ್ತಾರಾ? ನಾನು ಹರ್ನಿಯಾ ಅಂತ ದೇವಸ್ಥಾನದಲ್ಲಿ ಪೂಜೆ ಮಾಡಿಸಿ ಬಂದೆ. ದೇವರಿಗೂ ತಪ್ಪು ಜಾಗ ಹೇಳಿಸಿದ್ರಲ್ಲ ನೀವು." ಫೋನು ಕಟ್ಟಾಯಿತು.

ಆಮೇಲೆ ಕರೆಯಿಲ್ಲ. ನಾನು ಮಾಡಿದರೆ ಎತ್ತುವುದಿಲ್ಲ. "ನಾನು ಒಮ್ಮೆ ಮಾತಾಡ್ಲಾ ಭಟ್ರೇ?" ಎಂದು ಹಮೀದಾಕ ಅಳುಮುಖ ಮಾಡಿದರು. ಅವರು ಮಾತಾಡಿದ್ದು ಸಾಕೆಂದು ಕೈಮುಗಿದೆ. ಗಾಯ ದಿನದಿಂದ ದಿನಕ್ಕೆ ಒಣಗುತ್ತಿತ್ತು. ಅದು ಒಣಗಿ ಯಾರಿಗೆ ಏನಾಗಬೇಕಿತ್ತೋ ನನಗೆ ತಿಳಿಯಲಿಲ್ಲ. ಅವಳು ಬರುವುದಿಲ್ಲವೆಂದು ತೀರ್ಮಾನಿಸಿ, ಹಮೀದಾಕನಿಗೆ ಇಲ್ಲೇ ಇರಿ ಎಂದು ಹೇಳಿದ್ದೂ ಆಯಿತು. ಆಗ ಸಂದೇಶ ಬಂತು: "ವಿಮಾನ ನಾಳೆ. ನಡೀಲಿಕ್ಕೆ ಆಗುದಾದ್ರೆ ಬನ್ನಿ." ಹಮೀದಾಕ ಚೀಲ ಕಟ್ಟಿಕೊಂಡು ಖಾಲಿದಿಯಾಕ್ಕೆ ಹೊರಟರು.

ಬಂದವಳು ಕೋಣೆಯೊಳಗೆ ನಿಂತು ಡೇರೆಯನ್ನು ನೋಡಿದಳು. "ಇದೆಂತ, ಸೊಳ್ಳೆ ಪರದೆಯಾ?" ನಾನು ದಾರವನ್ನು ಬದಿಗೆ ಸರಿಸಿದೆ. "ತೋರಿಸಿ" ಎಂದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿಯೆದುರು ಅಷ್ಟು ನಾಚಿದ್ದು ಅದೇ ಮೊದಲು. ತೋರಿಸಿದೆ. ನೋಡಿ ನಕ್ಕಳು ಎಂದು ಬರೆದರೆ ಈ ಪ್ರಬಂಧ ಚೆನ್ನಾಗಿ ಮುಗಿಯುತ್ತದೆ. ಅತ್ತಳು ಎಂದರೆ ಇನ್ನೂ ಚೆನ್ನಾಗಿ. ಎರಡನ್ನೂ ನಾನು ಬೇರೆ ಬೇರೆಯವರಿಗೆ ಹೇಳಿದ್ದೇನೆ. ನಿಜವಾಗಿ ನಾನು ಅವಳ ಮುಖ ನೋಡಿರಲಿಲ್ಲ, ಗೋಡೆ ನೋಡುತ್ತಿದ್ದೆ. "ತುಂಬ ನೋಯ್ತಾ?" ಎಂದು ಕೇಳಿದ್ದು ಮಾತ್ರ ಕೇಳಿಸಿತು. ಆಮೇಲೆ ಸೂಟ್‌ಕೇಸಿನಿಂದ ಹರ್ನಿಯಾದ ಬೆಲ್ಟೊಂದನ್ನು ತೆಗೆದು ಮಂಚದ ಮೇಲಿಟ್ಟಳು. "ಅಣ್ಣ ಕೊಟ್ಟದ್ದು. ಬೇಡ ಅಂತ ಹೇಗೆ ಹೇಳುದು? ಊರಿನಲ್ಲಿ ಹರ್ನಿಯಾ ಅಂತಲೇ ಇರ್ಲಿ."

ಪಕ್ಕದಲ್ಲಿ ಮಲಗಿದರೆ ಧ್ವಜಾರೋಹಣದ ಭಯ. ಆದ್ದರಿಂದ ಮೇಲಿನ ಮಂಚ ಅವಳಿಗೆ. ರಜೆಯ ಮಧ್ಯಾಹ್ನ ಊಟವಾಗಿ ಇಬ್ಬರೂ ಮಲಗಿದರೆ ಎಸಿಯ ಸದ್ದೊಂದೇ. ಅವಳು ಮಗ್ಗುಲು ಬದಲಿಸುತ್ತಿದ್ದಳು; ಕೆಳಗೆ ನನ್ನ ಡೇರೆ ಇಳಿದು ಏಳುತ್ತಿತ್ತು. ಎರಡು ವರ್ಷ ಕಾದ ದಾಂಪತ್ಯಕ್ಕೆ ಆ ದಾರವೊಂದೇ ಸಂಪರ್ಕ. ಒಮ್ಮೆ ಅವಳು ಬೇಕೆಂದೇ ಎರಡು ಸಲ ಹೊರಳಿದಳು ಎಂದು ನನಗನ್ನಿಸಿದೆ. ಕೇಳಲಿಲ್ಲ.

ಆರು ವಾರ ತುಂಬುವ ಮೊದಲೇ ವೀಸಾ ಮುಗಿಯಿತು. ವಿಮಾನ ನಿಲ್ದಾಣದಲ್ಲಿ ನಮ್ಮೂರಿನವರೊಬ್ಬರು ಎದುರಾಗಿ, "ಭಟ್ರೇ, ಆಪರೇಶನ್ ಆಯ್ತಂತಲ್ಲ?" ಎಂದರು. ನಾನು ಬಾಯಿ ತೆರೆಯುವ ಮುಂಚೆ ಜಯ, "ಹರ್ನಿಯಾ, ಎಡಗಡೆ" ಎಂದು ನನ್ನ ಕಡೆ ತಿರುಗಿ, "ಭಾರ ಎತ್ತಬೇಡಿ" ಎಂದಳು. ತನ್ನ ಸೂಟ್‌ಕೇಸನ್ನು ತಾನೇ ಎಳೆದುಕೊಂಡು ಒಳಗೆ ಹೋದಳು. ನನ್ನ ಗಾಯ ಈಗ ಪೂರ್ತಿ ವಾಸಿಯಾಗಿದೆ, ಯಾರಿಗೂ ಉಪಯೋಗವಿಲ್ಲದಷ್ಟು ಚೆನ್ನಾಗಿ. ಎಡಗಡೆ ಮಾತ್ರ ಇನ್ನೂ ನೋಯುತ್ತದೆ.